ಕೀಲಿಕೈ ಯಾರ ಸೊಂಟದಲ್ಲಿ?

ಮಾನ್ಯ ಸಂಪಾದಕರೇ,

ಸಣ್ಣ ಉದ್ದಿಮೆಯವರು ‘ಡಿಜಿಟಲ್’ ಆಗಬೇಕೆಂದು ನಿಮ್ಮ ವಾಣಿಜ್ಯ ಪುಟದಲ್ಲಿ ಆಗಾಗ ಓದುತ್ತೇನೆ. ಆಗಲಿ. ಆದರೆ ಆ ಕೆಲಸವನ್ನು ಯಾರ ಕೈಗೆ ಒಪ್ಪಿಸಬೇಕು, ಒಪ್ಪಿಸುವ ಮುಂಚೆ ಏನೇನು ಕೇಳಬೇಕು ಎಂದು ಯಾರೂ ಬರೆದಿದ್ದು ಕಂಡಿಲ್ಲ. ಲಕ್ಷ ರೂಪಾಯಿ ಕೊಟ್ಟು ಕಲಿತವಳು ನಾನು. ಪತ್ರ ಉದ್ದವಾಯಿತೆಂದು ದಯವಿಟ್ಟು ಕತ್ತರಿ ಆಡಿಸಬೇಡಿ.

ನಮ್ಮದು ಶಿರಸಿ ತಾಲ್ಲೂಕಿನ ಹಳ್ಳಿ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ ಮಾಡಿ ಮಾರುತ್ತೇವೆ. ನಾನು, ಸೊಸೆ, ಅಕ್ಕಪಕ್ಕದ ಮನೆಯ ಐದು ಹೆಂಗಸರು, ಇಷ್ಟೇ ಜನ. 2022ರ ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕಿದ್ದೆವು. ದೂರದಿಂದ ಬಂದವರೆಲ್ಲ ಬಾಟಲಿ ತಿರುಗಿಸಿ ನೋಡಿ ‘ಆನ್‌ಲೈನಲ್ಲಿ ಸಿಗ್ತದಾ?’ ಎಂದೇ ಕೇಳಿದರು. ಎರಡು ತಿಂಗಳಲ್ಲಿ ವೆಬ್‌ಸೈಟ್, ಆನ್‌ಲೈನ್ ಪ್ರಚಾರ ಮಾಡಿಕೊಡುವ ಬೆಂಗಳೂರಿನ ಒಂದು ಏಜೆನ್ಸಿಯ ಇಬ್ಬರು ಹುಡುಗರು ನಮ್ಮ ಜಗುಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದರು. ತೆಳ್ಳೇವು ತಿಂದರು, ಕಷಾಯ ಕುಡಿದರು, ‘ಗೂಗಲ್‌ನಲ್ಲಿ ಮೊದಲನೇ ಸ್ಥಾನ ಗ್ಯಾರಂಟಿ ಆಂಟಿ’ ಎಂದರು. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಖುದ್ದು ಗೂಗಲೇ ತನ್ನ ಮಾರ್ಗದರ್ಶಿಯಲ್ಲಿ ಬರೆದಿದೆಯೆಂದು ನನಗೆ ಗೊತ್ತಾಗಿದ್ದು ಒಂದೂವರೆ ವರ್ಷದ ಮೇಲೆ. ಈಗ ಯಾರಾದರೂ ಆ ಮಾತು ಎತ್ತಿದರೆ ಕಷಾಯ ಕೊಟ್ಟೇ ಕಳಿಸುತ್ತೇನೆ, ಕೆಲಸ ಮಾತ್ರ ಕೊಡುವುದಿಲ್ಲ.

ವೆಬ್‌ಸೈಟಿಗೆ 85,000 ಎಂದಿದ್ದರು. ಬಿಲ್ಲು ಬಂದಾಗ ಶೇ 18ರ ಜಿಎಸ್‌ಟಿ ಸೇರಿ 1,00,300 ಆಗಿತ್ತು. ಅದು ಅವರ ತಪ್ಪಲ್ಲ, ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ನಾನು ಕೇಳಬೇಕಿತ್ತು. ಇದರ ಮೇಲೆ ‘ಪ್ರಚಾರಕ್ಕೆ’ ತಿಂಗಳಿಗೆ 12,000.

ಮೊದಲ ಸಲ ಪುಟ ತೆರೆದು ನೋಡಿದಾಗಲೇ ಎಚ್ಚರಾಗಬೇಕಿತ್ತು. ಮೇಲ್ಗಡೆ ದೊಡ್ಡ ಅಕ್ಷರದಲ್ಲಿ ‘ಉಪ್‌ಪಿನಕಾಯಿ’ ಎಂದಿತ್ತು. ಒತ್ತಕ್ಷರ ಬಿಚ್ಚಿಕೊಂಡು ಪಕ್ಕದಲ್ಲಿ ಬಂದು ಕೂತಿತ್ತು. ಫೋನ್ ಮಾಡಿ ಹೇಳಿದರೆ ಆ ಕಡೆಯ ಹುಡುಗ ‘ಅದರಲ್ಲೇನು ತಪ್ಪಿದೆ ಮೇಡಂ?’ ಎಂದು ಕೇಳಿದ. ಪಾಪ, ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅದರ ಕೆಳಗೆ ಎಲ್ಲಿಂದಲೋ ಎತ್ತಿ ಹಾಕಿದ ಫೋಟೊ: ಎಣ್ಣೆಯಲ್ಲಿ ತೇಲುವ, ಹೋಳು ಹೆಚ್ಚಿದ ಮಾವಿನಕಾಯಿ. ಅಪ್ಪೆಮಿಡಿಯನ್ನು ಯಾರಾದರೂ ಹೆಚ್ಚುತ್ತಾರೆಯೇ? ಮರ ಹತ್ತಿ, ನೆಲಕ್ಕೆ ಬೀಳಿಸದೆ ಬುಟ್ಟಿಯಲ್ಲಿ ಇಳಿಸಿ, ತೊಟ್ಟು ಸಮೇತ ಇಡೀ ಮಿಡಿಯನ್ನೇ ಉಪ್ಪಿಗೆ ಹಾಕುವುದು ನಮ್ಮ ಕ್ರಮ. ಹೆಸರನ್ನಂತೂ ‘ಟೆಂಡರ್ ಮ್ಯಾಂಗೋ ಪಿಕಲ್’ ಮಾಡಿಬಿಟ್ಟಿದ್ದರು. ನಮ್ಮ ಗಿರಾಕಿ ಹುಡುಕುವುದು ‘ಅಪ್ಪೆಮಿಡಿ’ ಎಂದು, ಕನ್ನಡದಲ್ಲೋ ಇಂಗ್ಲಿಷ್ ಅಕ್ಷರದಲ್ಲೋ. ಆ ಪದವೇ ಪುಟದಲ್ಲಿ ಇಲ್ಲದ ಮೇಲೆ ಮೊದಲ ಸ್ಥಾನ ಎಲ್ಲಿಂದ ಬರಬೇಕು?

ತಿಂಗಳ ಕೊನೆಗೆ ಬಣ್ಣಬಣ್ಣದ ವರದಿ ಬರುತ್ತಿತ್ತು. ಒಂದು ತಿಂಗಳು ‘ರೀಚ್’, ಅಂದರೆ ಜಾಹೀರಾತು ಕಂಡವರ ಸಂಖ್ಯೆ, ಎರಡು ಲಕ್ಷ, ನಮಗೆ ಬಂದ ಆರ್ಡರ್ ಹನ್ನೊಂದು. ಅದರಲ್ಲಿ ನಾಲ್ಕು ನನ್ನ ತಂಗಿಯ ಕಡೆಯವರದು. ಈ ಎರಡು ಲಕ್ಷ ಜನ ಯಾವ ಊರಿನವರು ಎಂದು ಪಟ್ಟಿ ಕೇಳಿದೆ. ಕನ್ನಡದ ಜಾಹೀರಾತು ಹೆಚ್ಚಾಗಿ ಓಡಿದ್ದು ಬಿಹಾರ, ಉತ್ತರ ಪ್ರದೇಶದಲ್ಲಿ. ಅಲ್ಲಿ ಜಾಹೀರಾತಿನ ಒಂದೊಂದು ಕ್ಲಿಕ್ಕಿಗೆ ಕೊಡಬೇಕಾದ ದುಡ್ಡು ಕಮ್ಮಿಯಂತೆ. ಹನ್ನೆರಡು ಸಾವಿರದಲ್ಲಿ ಫೇಸ್‌ಬುಕ್ಕಿಗೆ ಹೋಗುವುದೆಷ್ಟು, ನಿಮಗೆ ಉಳಿಯುವುದೆಷ್ಟು ಎಂದು ಕೇಳಿದ್ದಕ್ಕೆ ಉತ್ತರ ಬರಲು ಮೂರು ವಾರ ಹಿಡಿಯಿತು: ಫೇಸ್‌ಬುಕ್ಕಿಗೆ 3,500.

2023ರ ನವೆಂಬರಿನಲ್ಲಿ ‘ಸಾಕು, ನಿಲ್ಲಿಸಿ’ ಎಂದೆ. ವಾರದೊಳಗೆ ವೆಬ್‌ಸೈಟ್ ಕಣ್ಮರೆಯಾಯಿತು. ಆಮೇಲೆ ತಿಳಿಯಿತು, ನಮ್ಮ ಡೊಮೇನ್ ಅಂದರೆ ವೆಬ್ ವಿಳಾಸ ನೋಂದಣಿಯಾಗಿದ್ದೇ ಏಜೆನ್ಸಿಯ ಹೆಸರಿನಲ್ಲಿ. ಜಾಹೀರಾತಿನ ಖಾತೆ ಅವರದು. ಗೂಗಲ್ ಮ್ಯಾಪಿನಲ್ಲಿ ನಮ್ಮ ಮನೆಯ ಗುರುತಿಗೂ ‘ಮಾಲೀಕ’ ಅವರೇ. ವಿಳಾಸ ಬಿಟ್ಟುಕೊಡಲು 40,000 ಕೇಳಿದರು. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ವಸ್ತುವದು! ಮನೆ ಕಟ್ಟಲು ಮೇಸ್ತ್ರಿಗೆ ಕೊಟ್ಟೆ, ಅವನು ಪಟ್ಟೆ ತನ್ನ ಹೆಸರಿಗೆ ಮಾಡಿಸಿಕೊಂಡ. ಅಷ್ಟೇ ಆಗಿದ್ದು.

ಕರಾರು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಹದಿನಾಲ್ಕು ಪುಟ, ಇಂಗ್ಲಿಷಿನಲ್ಲಿ. ಶಿರಸಿಯ ವಕೀಲರೊಬ್ಬರು ಓದಿ ಹೇಳಿದ ಮೇಲೆ ಅರ್ಥವಾಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ನಾವು ದುಡ್ಡು ಕೊಟ್ಟು ತೆಗೆಸಿದ ಫೋಟೊ ನಮ್ಮದು. ಆದರೆ ಹೊರಗಿನವರಿಂದ ಬರೆಸಿದ ವೆಬ್‌ಸೈಟಿನ ಕೋಡು (ಅದನ್ನು ನಡೆಸುವ ಕಂಪ್ಯೂಟರ್ ಭಾಷೆಯ ಸೂಚನೆಗಳು), ಬರಹ ಹಾಗಲ್ಲ. ನಾವೇ ದುಡ್ಡು ಕೊಟ್ಟಿದ್ದರೂ ಅದರ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ, ಲಿಖಿತವಾಗಿ ನಮಗೆ ವರ್ಗ ಮಾಡಿಸಿಕೊಳ್ಳದ ಹೊರತು. ಹಾಗೆ ಮಾಡಿಸಿಕೊಂಡರೂ ಅವಧಿ ನಮೂದಿಸದೆ ಬಿಟ್ಟರೆ ಕಾಯ್ದೆ ಅದನ್ನು ಐದೇ ವರ್ಷಕ್ಕೆಂದು ಎಣಿಸುತ್ತದೆ. ಡಾಟ್ ಇನ್ ವಿಳಾಸಗಳನ್ನು ನೋಡಿಕೊಳ್ಳುವ ನಿಕ್ಸಿ ಎಂಬ ಸಂಸ್ಥೆಯ ಮುಂದೆ ತಕರಾರು ಹೂಡುವ ದಾರಿಯೂ ಇದೆಯಂತೆ. ಅದಕ್ಕೆ ಆ ಹೆಸರಿನ ಮೇಲೆ ನಮ್ಮ ಹಕ್ಕು ತೋರಿಸಬೇಕು. ನಾವು ಟ್ರೇಡ್‌ಮಾರ್ಕ್ ಮಾಡಿಸಿರಲಿಲ್ಲ. ಶುಲ್ಕ, ಓಡಾಟ ಲೆಕ್ಕ ಹಾಕಿ ಕೈಬಿಟ್ಟೆ.

ಹಣಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಲೇಬಲ್ಲಿನ ವಿಷಯಕ್ಕೆ. ಐದು ಸಾವಿರ ಲೇಬಲ್ ಅಚ್ಚು ಹಾಕಿಸಿದ್ದೆವು, ಎಲ್ಲದರ ಮೇಲೂ ಅದೇ ವೆಬ್ ವಿಳಾಸ. ದೂರು ಹೇಳಿಕೊಳ್ಳಲು ಗ್ರಾಹಕರಿಗೆ ಕೊಟ್ಟ ಇಮೇಲೂ ಅದೇ ಹೆಸರಿನದು. ಪೊಟ್ಟಣದ ಮೇಲೆ ಆ ವಿವರ ಇರಬೇಕೆಂದು ಕಾನೂನು ಮಾಪನದ, ಅಂದರೆ ತೂಕ-ಅಳತೆಯ, ನಿಯಮವೇ ಹೇಳುತ್ತದೆ. ಸತ್ತ ಇಮೇಲ್ ಕೊಟ್ಟು ಮಾರುವುದು ಹೇಗೆ? ಉಗ್ರಾಣದಲ್ಲಿ ತುಂಬಿಟ್ಟ ಬಾಟಲಿ 1,800 ಇದ್ದವು. ನಾನೂ ಸೊಸೆಯೂ ನಾಲ್ಕು ರಾತ್ರಿ ಕೂತು ಒಂದೊಂದರ ಮೇಲೂ ಬಿಳಿ ಚೀಟಿ ಅಂಟಿಸಿದೆವು. ಬಾಟಲಿಗೆ ಎಷ್ಟು ಒರೆಸಿದರೂ ಎಣ್ಣೆಯ ಜಿಡ್ಡು. ಚೀಟಿ ಒಂದು ಮೂಲೆಯಲ್ಲಿ ಕೂತರೆ ಇನ್ನೊಂದು ಮೂಲೆಯಲ್ಲಿ ಏಳುತ್ತಿತ್ತು. ಕೊನೆಗೆ ಸೊಸೆ ಅಕ್ಕಿಹಿಟ್ಟು ತಂದು ಬಾಟಲಿಯ ಮೈಗೆ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಅಂಟಿಸುವ ಉಪಾಯ ಹುಡುಕಿದಳು. ಮೂರನೇ ರಾತ್ರಿಯಿಂದ ಕೆಲಸ ಸಾಗಿತು.

ಮ್ಯಾಪಿನ ಗುರುತು ಮಾತ್ರ ವಾಪಸು ಸಿಕ್ಕಿತು. ಗೂಗಲ್‌ಗೆ ಮಾಲೀಕತ್ವ ಕೇಳಿ ಅರ್ಜಿ ಹಾಕಿದೆವು. ಅಂಗಳ, ಬೇಲಿಗೆ ಕಟ್ಟಿದ ಬೋರ್ಡು, ಒಳಗಿನ ಭರಣಿಗಳ ಸಾಲು ಎಲ್ಲ ಒಂದೇ ವಿಡಿಯೊದಲ್ಲಿ ಸೆರೆಹಿಡಿದು ಕಳಿಸಿದೆವು.

ಎರಡನೇ ಸಲ ಏಜೆನ್ಸಿ ಹುಡುಕುವಾಗ ಪರದೆಯ ಮೇಲೆ ತೋರಿಸುವ ಯಾರ ಪಿಪಿಟಿಯನ್ನೂ ನೋಡಲಿಲ್ಲ. ಹುಬ್ಬಳ್ಳಿಯ ಇಬ್ಬರೇ ಇರುವ ಒಂದು ಚಿಕ್ಕ ಕಚೇರಿಯ ಸುದ್ದಿ ಬಂತು. ಅವರು ಕೊಟ್ಟ ಗಿರಾಕಿಗಳ ನಂಬರಿಗೆ ಫೋನ್ ಮಾಡಲಿಲ್ಲ. ಅವರು ಮಾಡಿಕೊಟ್ಟ ವೆಬ್‌ಸೈಟುಗಳನ್ನು ಮಗನ ಕೈಲಿ ಹುಡುಕಿಸಿ, ಅಲ್ಲಿದ್ದ ನಂಬರಿಗೆ ನಾನೇ ಮಾಡಿದೆ. ದಾವಣಗೆರೆಯ ಹಾರ್ಡ್‌ವೇರ್ ಅಂಗಡಿಯವರು, ‘ಕೆಲ್ಸ ಚೊಲೋ ಐತ್ರಿ, ಆದ್ರ ಸಂಜಿ ಆರರ ಮ್ಯಾಲೆ ಫೋನ್ ಎತ್ತಂಗಿಲ್ಲ’ ಎಂದರು. ಹೊಗಳಿಕೆಗಿಂತ ಆ ಒಂದು ಕೊರತೆಯಿಂದಲೇ ನನಗೆ ನಂಬಿಕೆ ಬಂತು. ಸಂಜೆ ಆರರ ಮೇಲೆ ನಾನೂ ಫೋನ್ ಎತ್ತುವುದಿಲ್ಲ, ದೀಪ ಹಚ್ಚುವ ಹೊತ್ತು.

ಹುಬ್ಬಳ್ಳಿಯ ಹುಡುಗ ಬಂದವನೇ ನಮ್ಮ ಆರ್ಡರ್ ಪುಸ್ತಕ ನೋಡಿದ. ‘ಅಕ್ಕಾರ, ನಿಮಗ ಇಷ್ಟ ದೊಡ್ಡ ವೆಬ್‌ಸೈಟ್ ಯಾಕ್ ಬೇಕ್ರಿ? ವಾಟ್ಸಾಪ್ ಬಿಸಿನೆಸ್‌ನಾಗ ಕ್ಯಾಟಲಾಗ್ ಹಾಕೋಣು, ಅದು ಪುಕ್ಕಟೆ. ಒಂದ ಪುಟದ ಸೈಟ್ ಸಾಕು’ ಎಂದ. ತನ್ನ ಸಂಪಾದನೆಗೆ ತಾನೇ ಕತ್ತರಿ ಹಾಕಿಕೊಳ್ಳುವ ಮಾತು. ಆದರೂ ಬಿಸಿ ಹಾಲು ಕುಡಿದ ಬೆಕ್ಕು ನಾನು, ಒಂದೇ ಸಲ ಎಲ್ಲ ಕೊಡಲಿಲ್ಲ. ಆರು ಸಾವಿರಕ್ಕೆ ಕ್ಯಾಟಲಾಗ್ ಕೆಲಸವೊಂದನ್ನೇ ಕೊಟ್ಟು ಎರಡು ತಿಂಗಳು ನೋಡಿದೆ. ಡೊಮೇನನ್ನು ಮಗ ನನ್ನ ಹೆಸರಲ್ಲಿ, ನನ್ನ ಇಮೇಲಿಗೆ, ನನ್ನ ಕಾರ್ಡಿನಿಂದಲೇ ಕೊಂಡ. ಜಾಹೀರಾತಿನ ದುಡ್ಡು ನೇರ ನನ್ನ ಖಾತೆಯಿಂದ ಹೋಗುತ್ತದೆ. ಹುಡುಗನಿಗೆ ಅವನ ಮಜೂರಿ ಬೇರೆ. ಖಾತೆಗಳಿಗೆಲ್ಲ ನಾನು ಮಾಲೀಕಳು, ಅವನು ಮ್ಯಾನೇಜರ್. ನಾಳೆ ಅವನು ಬಿಟ್ಟರೂ ನಾನು ಬಿಡಿಸಿದರೂ ಕೀಲಿಕೈ ನನ್ನ ಸೊಂಟದಲ್ಲೇ ಇರುತ್ತದೆ. ಕರಾರು ಕನ್ನಡದಲ್ಲಿ ಒಂದೂಕಾಲು ಪುಟ. ವ್ಯಾಪಾರ ಭಾರಿ ಬೆಳೆದಿಲ್ಲ, ತಿಂಗಳಿಗೆ ಎಪ್ಪತ್ತು ಎಂಬತ್ತು ಪಾರ್ಸೆಲ್ ಹೋಗುತ್ತದೆ. ಕೈಕೆಲಸಕ್ಕೆ ಅದೇ ಸಾಕಷ್ಟಾಯಿತು.

ನನ್ನ ಕೋರಿಕೆ ಇಷ್ಟೇ. ಜಿಲ್ಲಾ ಕೈಗಾರಿಕಾ ಕೇಂದ್ರ, ಸ್ತ್ರೀಶಕ್ತಿ ಸಂಘಗಳ ಮೂಲಕ ನಮಗೆ ತರಬೇತಿ ಸಿಗುತ್ತದೆ. ಪ್ಯಾಕಿಂಗ್ ಹೇಳಿಕೊಡುತ್ತಾರೆ, ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ಕೊಡುವ ಪರವಾನಗಿಯ ಹದಿನಾಲ್ಕು ಅಂಕಿ ಎಲ್ಲಿ ಅಚ್ಚಾಗಬೇಕೆಂದು ಹೇಳುತ್ತಾರೆ. ನಾನು ಹೋದ ಎರಡು ತರಬೇತಿಯಲ್ಲಿ ಡೊಮೇನ್ ಯಾರ ಹೆಸರಿಗೆ ಇರಬೇಕೆಂದು ಒಂದು ಮಾತೂ ಬರಲಿಲ್ಲ. ಇಂಥ ಕೆಲಸಕ್ಕೆ ಕನ್ನಡದಲ್ಲಿ ಒಂದು ಪುಟದ ಮಾದರಿ ಕರಾರನ್ನು ಇಲಾಖೆಯವರೇ ಅಚ್ಚು ಹಾಕಿಸಿ ಹಂಚಲಿ. ನಮ್ಮದನ್ನು ಬೇಕಾದರೆ ಕೊಡುತ್ತೇನೆ, ವಕೀಲರು ತಿದ್ದಿಕೊಳ್ಳಲಿ.

ಇನ್ನೊಂದು ವಿಷಯ. ಆ ಹಳೆಯ ವಿಳಾಸವನ್ನು ಏಜೆನ್ಸಿಯವರು ನವೀಕರಿಸಲಿಲ್ಲ, ಬೇರೆ ಯಾರೋ ಕೊಂಡಿದ್ದಾರೆ. ಮೊನ್ನೆ ಮೈಸೂರಿನ ಗಿರಾಕಿಯೊಬ್ಬರು ಫೋನ್ ಮಾಡಿ, ‘ಏನಮ್ಮಾ, ಉಪ್ಪಿನಕಾಯಿ ಬಿಟ್ಟು ಜೂಜಿಗೆ ಇಳಿದಿರಾ?’ ಎಂದು ಕೇಳಿದರು. ತೆರೆದರೆ ಬೆಟ್ಟಿಂಗ್ ಪುಟ ಬರುತ್ತದಂತೆ. ಚೀಟಿ ಅಂಟಿಸದ ಹಳೆಯ ಬಾಟಲಿ ಯಾರ ಮನೆಯಲ್ಲಾದರೂ ಇದ್ದರೆ ಅದರ ಮೇಲಿನ ವಿಳಾಸ ತೆರೆಯಬೇಡಿ. ಒಳಗಿನ ಮಿಡಿಗೆ ಏನೂ ಆಗಿರುವುದಿಲ್ಲ.

– ಉಪ್ಪಿನಕಾಯಿ ತಯಾರಕಿ,
ಶಿರಸಿ ತಾಲ್ಲೂಕು, ಉತ್ತರ ಕನ್ನಡ
(ಹೆಸರು ಹಾಕಬೇಡಿ)