ಶಾಸಕರ ಮೇಲೆ ಲೈಂಗಿಕ ಕಿರುಕುಳದ ದೂರು ಬಂದರೆ ಸದನ ಏನು ಮಾಡಬೇಕು? ವಿಧಾನಸಭಾಧ್ಯಕ್ಷರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಭಾಧ್ಯಕ್ಷರೇ,

ಶಾಸಕರೊಬ್ಬರ ಮೇಲೋ ಸಚಿವರೊಬ್ಬರ ಮೇಲೋ ಲೈಂಗಿಕ ದೌರ್ಜನ್ಯದ ಆರೋಪ ಬಂದಾಗಲೆಲ್ಲ ನಮ್ಮ ರಾಜ್ಯದಲ್ಲಿ ಎರಡೇ ಮಾತು ಕೇಳಿಬರುತ್ತವೆ. ಕಾನೂನು ತನ್ನ ಕೆಲಸ ಮಾಡುತ್ತದೆ ಎಂಬುದು ಒಂದು, ಈಗಲೇ ರಾಜೀನಾಮೆ ಕೊಡಲಿ ಎಂಬುದು ಇನ್ನೊಂದು. ಯಾರು ಯಾವ ಮಾತು ಆಡುತ್ತಾರೆ ಎಂಬುದು ಆರೋಪಿ ಯಾವ ಪಕ್ಷದವರು ಎಂಬುದರ ಮೇಲೆ ಹೋಗುತ್ತದೆ. ಎಲ್ಲ ಪಕ್ಷಗಳೂ ಸರದಿಯಂತೆ ಎರಡನ್ನೂ ಆಡಿವೆ. ದೂರು ಕೊಟ್ಟ ಹೆಣ್ಣುಮಗಳು ಮಾರನೆಯ ದಿನ ಅದೇ ಕಚೇರಿಗೆ, ಅದೇ ಊರಿಗೆ, ಅದೇ ತೋಟದ ಮನೆಗೆ ಹೋಗಬೇಕಲ್ಲ, ಆಗ ಆಕೆಯ ಗತಿ ಏನು ಎಂಬ ಪ್ರಶ್ನೆಗೆ ಮಾತ್ರ ಯಾರ ಬಳಿಯೂ ಲಿಖಿತ ಉತ್ತರವಿಲ್ಲ.

ಆ ಉತ್ತರವನ್ನು ಸದನದ ನಿಯಮಾವಳಿಯಲ್ಲಿ ಬರೆಯಬೇಕೆಂದು ಕೇಳಲು ಈ ಪತ್ರ. ಆರೋಪಿ ತಪ್ಪಿತಸ್ಥರೋ ಅಲ್ಲವೋ ಎಂದು ನೀವು ತೀರ್ಮಾನಿಸಬೇಕಿಲ್ಲ, ಅದಕ್ಕೆ ನ್ಯಾಯಾಲಯವಿದೆ. ತೀರ್ಪು ಬರುವ ತನಕ ಆರೋಪಿಯ ಅಧಿಕಾರದ ಕೈ ದೂರುದಾರೆಯ ಮೇಲೂ ತನಿಖೆಯ ಮೇಲೂ ಬೀಳದಂತೆ ನೋಡಿಕೊಳ್ಳುವುದು ಸದನದ ಹೊಣೆ. ತನ್ನ ನಡಾವಳಿಯ ನಿಯಮ ರೂಪಿಸುವ ಅಧಿಕಾರವನ್ನು ಸಂವಿಧಾನದ 208ನೇ ವಿಧಿ ಸದನಕ್ಕೇ ಕೊಟ್ಟಿದೆ.

ಅಧಿಕಾರದ ಕೈ ಎಂದರೆ ಏನೆಂದು ಹಾಸನದ ಪ್ರಕರಣ ಇಡೀ ರಾಜ್ಯಕ್ಕೆ ತೋರಿಸಿತು. 2024ರ ಏಪ್ರಿಲ್ 26ರ ಮತದಾನಕ್ಕೆ ಮೊದಲೇ ಹೆಣ್ಣುಮಕ್ಕಳ ಮುಖವನ್ನೂ ಮರೆಮಾಚದ ವಿಡಿಯೊಗಳು ಪೆನ್‌ಡ್ರೈವ್‌ಗಳಲ್ಲಿ ಕ್ಷೇತ್ರದ ತುಂಬ ಹರಿದಾಡಿದವು. ಮತದಾನ ಮುಗಿದ ಬೆನ್ನಿಗೇ ಆಗಿನ ಸಂಸದ ಪ್ರಜ್ವಲ್ ರೇವಣ್ಣ ರಾಜತಾಂತ್ರಿಕ ಪಾಸ್‌ಪೋರ್ಟ್ ಹಿಡಿದು ಜರ್ಮನಿಗೆ ಹೋದರು. ಬಂಧನವಾದದ್ದು ಮೇ 31ರಂದು. ಮನೆಗೆಲಸಕ್ಕಿದ್ದ ಮಹಿಳೆ ಕೊಟ್ಟ ದೂರಿನಲ್ಲಿ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 2ರಂದು ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಯಾದ ಕಲಮುಗಳಲ್ಲಿ ಹಳೆಯ ದಂಡ ಸಂಹಿತೆಯ 376(2)(ಕೆ) ಕೂಡ ಇದೆ: ಹೆಣ್ಣಿನ ಮೇಲೆ ಹಿಡಿತ ಅಥವಾ ಪ್ರಾಬಲ್ಯ ಇರುವ ಸ್ಥಾನದಲ್ಲಿದ್ದು ಎಸಗುವ ಅತ್ಯಾಚಾರ. ಆ ಮಹಿಳೆಯನ್ನು ಅಪಹರಿಸಿದ ಆರೋಪದ ಮೇಲೆ ಬೇರೆಯೇ ಪ್ರಕರಣ ದಾಖಲಾಯಿತು. ದೂರು ಹೊರಬಿದ್ದ ದಿನದಿಂದ ಬಂಧನದ ದಿನದವರೆಗೆ ಆಕೆಗೂ ಆರೋಪಿಯ ಪ್ರಭಾವಕ್ಕೂ ನಡುವೆ ಅಡ್ಡ ನಿಲ್ಲಬೇಕಾದ ನಿಯಮ ಯಾವ ಸದನದಲ್ಲೂ ಇರಲಿಲ್ಲ.

ಇನ್ನೊಂದು ತುದಿಯ ತಪ್ಪೂ ಇದೆ. 2021ರ ಮಾರ್ಚ್ 2ರಂದು ಅಂದಿನ ಜಲಸಂಪನ್ಮೂಲ ಸಚಿವರ ಮೇಲೆ ದೂರು ಬಂತು. ಕೊಟ್ಟವರು ಆ ಮಹಿಳೆಯಲ್ಲ, ಸಾಮಾಜಿಕ ಕಾರ್ಯಕರ್ತರೊಬ್ಬರು, ಜೊತೆಗೆ ಒಂದು ವಿಡಿಯೊ. ಮರುದಿನವೇ ರಾಜೀನಾಮೆ. ಕೆಲವೇ ದಿನಗಳಲ್ಲಿ ಕಾರ್ಯಕರ್ತರು ದೂರು ಹಿಂದಕ್ಕೆ ಪಡೆದರು. ಮಹಿಳೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡುವಷ್ಟರಲ್ಲಿ ತಿಂಗಳು ಮುಗಿಯುತ್ತಿತ್ತು. ಅಷ್ಟರೊಳಗೆ ಆರು ಸಚಿವರು ತಮ್ಮ ಬಗ್ಗೆ ಮಾನಹಾನಿಕರವಾದದ್ದೇನೂ ಪ್ರಸಾರವಾಗದಂತೆ ಸಿವಿಲ್ ನ್ಯಾಯಾಲಯದ ಮೆಟ್ಟಿಲೇರಿದ್ದರು. 2022ರಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ಬಿ ರಿಪೋರ್ಟ್ ಹಾಕಿತು, ಅಂದರೆ ಸಾಕ್ಷ್ಯ ಸಾಲದೆಂದು ಪ್ರಕರಣ ಮುಗಿಸುವ ವರದಿ. ಇಲ್ಲಿ ರಾಜೀನಾಮೆಗೆ ಕಾರಣವಾದದ್ದು ದೃಶ್ಯ, ದೂರಲ್ಲ. ಟಿವಿಯಲ್ಲಿ ಬಂದದ್ದನ್ನು ನೋಡಿ ಗೆರೆ ಎಳೆದರೆ ವಿಡಿಯೊ ಇಲ್ಲದ ಹೆಣ್ಣಿನ ಮಾತಿಗೆ ಬೆಲೆಯೇ ಇರುವುದಿಲ್ಲ. ವಿಡಿಯೊ ಕೈಯಲ್ಲಿಟ್ಟುಕೊಂಡು ಬೆದರಿಸುವವರಿಗೂ ಅದು ಅನುಕೂಲ.

ಹಾಗಾದರೆ ಸದನ ಕ್ರಮಕ್ಕಿಳಿಯಬೇಕಾದ ಗೆರೆ ಎಲ್ಲಿ? ಮೊದಲು, ಎಲ್ಲಿ ಎಳೆಯಬಾರದು ಎಂಬುದು. ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ, ಮದುವೆಯ ಹೊರಗಿನದೇ ಆಗಿರಲಿ, ಸದನದ ವಿಷಯವಲ್ಲ. ಅದನ್ನು ಕೆದಕಲು ಹೊರಟರೆ ಮೊದಲು ಬೀದಿಗೆ ಬೀಳುವುದು ಹೆಣ್ಣಿನ ಹೆಸರು. ಆದರೆ ಆಕೆಯ ವರ್ಗಾವಣೆ, ಗುತ್ತಿಗೆ ಕೆಲಸದ ನವೀಕರಣ, ನಿವೇಶನ, ಸಾಲದ ಮಂಜೂರಾತಿ, ಪಂಚಾಯಿತಿ ಟಿಕೆಟ್ ಇಂಥದ್ದೊಂದು ಶಾಸಕರ ಒಂದು ಫೋನ್ ಕರೆಯ ಮೇಲೆ ನಿಂತಿದ್ದರೆ, ಅಲ್ಲಿನ ಒಪ್ಪಿಗೆಯನ್ನು ಸಂಶಯದಿಂದಲೇ ನೋಡಬೇಕು.

ಈಗಿರುವ 2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು, ಏಕೆಂದು ಹೇಳುತ್ತೇವೆ. ಸಚಿವಾಲಯದ ನೌಕರರೊಬ್ಬರು ಶಾಸಕರ ವಿರುದ್ಧ, ಈ ಕಾಯ್ದೆಯಂತೆ ಕಚೇರಿಯಲ್ಲೇ ಇರಬೇಕಾದ ಆಂತರಿಕ ಸಮಿತಿಗೆ ದೂರು ಕೊಟ್ಟರು ಎಂದಿಟ್ಟುಕೊಳ್ಳಿ. ಘಟನೆಯಾದ 3 ತಿಂಗಳೊಳಗೆ ಕೊಡಬೇಕು, ಸಮಿತಿಗೆ ಕಾರಣ ಒಪ್ಪಿಗೆಯಾದರೆ ಇನ್ನೂ 3 ತಿಂಗಳು. ಪ್ರತಿವಾದಿಗೆ 7 ಕೆಲಸದ ದಿನಗಳೊಳಗೆ ಪ್ರತಿ ಹೋಗಬೇಕು, ಅವರು 10 ಕೆಲಸದ ದಿನಗಳಲ್ಲಿ ಉತ್ತರಿಸಬೇಕು. 90 ದಿನಗಳಲ್ಲಿ ವಿಚಾರಣೆ, ಮುಂದಿನ 10 ದಿನಗಳಲ್ಲಿ ವರದಿ. ಇಲ್ಲಿಯ ತನಕ ಸರಿ. ಆಮೇಲೆ ಕ್ರಮ ಯಾವುದು? ಸೇವಾ ನಿಯಮದ ಪ್ರಕಾರ ಎನ್ನುತ್ತದೆ ಕಾಯ್ದೆ. ಶಾಸಕರಿಗೆ ಸೇವಾ ನಿಯಮವಿಲ್ಲ. ಸೇವಾ ನಿಯಮ ಇಲ್ಲದ ಕಡೆಗೆಂದು ಆ ಕಾಯ್ದೆಯ ನಿಯಮಾವಳಿಯ 9ನೇ ನಿಯಮ ಒಂದು ಪಟ್ಟಿ ಕೊಡುತ್ತದೆ: ಲಿಖಿತ ಕ್ಷಮಾಪಣೆ, ಎಚ್ಚರಿಕೆ, ಛೀಮಾರಿ, ಬಡ್ತಿ ತಡೆ, ವೇತನ ಬಡ್ತಿ ತಡೆ, ಕೆಲಸದಿಂದ ವಜಾ. ಶಾಸಕರಿಗೆ ಇವುಗಳಲ್ಲಿ ಹೆಚ್ಚಿನವು ಅನ್ವಯಿಸುವುದೇ ಇಲ್ಲ. ಅನ್ವಯಿಸುವುದನ್ನೂ ಜಾರಿಗೆ ತರಬಲ್ಲ ಕಾರ್ಯದರ್ಶಿ ಯಾರು? ವರದಿ ಕಡತದಲ್ಲೇ ಕೂರುತ್ತದೆ.

ಕ್ಷೇತ್ರದಲ್ಲಿ ಇನ್ನೂ ಕಷ್ಟ. ಶಾಸಕರ ಮನೆಗೆಲಸದವರು, ಖಾಸಗಿ ಕಚೇರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮನೆಗೆಲಸದವರ ದೂರಿನಲ್ಲಿ ಮೇಲ್ನೋಟಕ್ಕೆ ಹುರುಳಿದ್ದರೆ ಆ ಸಮಿತಿ 7 ದಿನಗಳಲ್ಲಿ ಪೊಲೀಸರಿಗೆ ಕಳಿಸಬೇಕು. ಆದರೆ ಸಮಿತಿಯನ್ನು ನೇಮಿಸುವ ಜಿಲ್ಲಾ ಅಧಿಕಾರಿಯ ವರ್ಗಾವಣೆಯಲ್ಲಿ ಶಾಸಕರ ಮಾತು ಎಷ್ಟು ನಡೆಯುತ್ತದೆಂದು ನಿಮಗೆ ನಾವು ಹೇಳಬೇಕಿಲ್ಲ. ಪಕ್ಷದ ಕಾರ್ಯಕರ್ತೆಗೆ ಅದೂ ಇಲ್ಲ. ಪಕ್ಷಕ್ಕೂ ಸದಸ್ಯರಿಗೂ ಮಾಲೀಕ–ನೌಕರ ಸಂಬಂಧವಿಲ್ಲ, ಆದ್ದರಿಂದ ಆಂತರಿಕ ಸಮಿತಿ ಕಡ್ಡಾಯವಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿತು.

ಆದ್ದರಿಂದ ಸದನದ ನಿಯಮದಡಿ ಸ್ವತಂತ್ರ ವಿಚಾರಣಾ ಮಂಡಳಿ ಬೇಕು. ಐವರು ಸದಸ್ಯರು, ಕನಿಷ್ಠ ಮೂವರು ಮಹಿಳೆಯರು, ಅಧ್ಯಕ್ಷತೆಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶೆ. ಹಾಲಿ ಶಾಸಕರು ಒಬ್ಬರೂ ಬೇಡ. ಹಕ್ಕುಚ್ಯುತಿ ದೂರುಗಳನ್ನು ನೋಡುವ ಶಾಸಕರ ಹಕ್ಕುಬಾಧ್ಯತಾ ಸಮಿತಿಗೇ ಇದನ್ನು ಒಪ್ಪಿಸಿದರಾಯಿತು ಎಂಬ ಸಲಹೆ ಬರುತ್ತದೆ, ದಯವಿಟ್ಟು ಒಪ್ಪಬೇಡಿ. ಅಲ್ಲಿ ಬಹುಮತ ಆಳುವ ಪಕ್ಷದ್ದು. ದೂರು ಕೊಡುವ ಅವಧಿ 3 ತಿಂಗಳಲ್ಲ, 3 ವರ್ಷ ಇರಲಿ. 3 ವರ್ಷದವರೆಗೆ ಶಿಕ್ಷೆಯಿರುವ ಲೈಂಗಿಕ ಕಿರುಕುಳದ ಅಪರಾಧಕ್ಕೆ ಕ್ರಿಮಿನಲ್ ಕಾನೂನಿನ ಕಾಲಮಿತಿಯೂ ಅಷ್ಟೇ. ಅಧಿಕಾರಸ್ಥರ ಮೇಲಿನ ದೂರು ತಡವಾಗುವುದು ಸುಳ್ಳಾಗಿರುವುದರಿಂದಲ್ಲ. ಪಕ್ಕದಲ್ಲಿ ನಿಲ್ಲಲು ಒಬ್ಬರಾದರೂ ಸಿಗುವ ತನಕ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ.

ಮೊದಲ ಗೆರೆ: ಮಹಿಳೆಯೇ ಸಹಿ ಮಾಡಿದ ದೂರು ಅಥವಾ ಆಕೆಯ ಹೇಳಿಕೆಯ ಮೇಲಿನ ಎಫ್‌ಐಆರ್. ಅನಾಮಧೇಯ ಪತ್ರವಾಗಲಿ ವಾಟ್ಸಾಪ್ ವಿಡಿಯೊವಾಗಲಿ ಸಾಲದು. ಮಂಡಳಿ 7 ದಿನಗಳಲ್ಲಿ ಒಂದೇ ಪ್ರಶ್ನೆ ನೋಡಲಿ: ದೂರಿನಲ್ಲಿ ಹೇಳಿದ್ದು ನಿಜವೇ ಆಗಿದ್ದರೆ ಅದು ಕಿರುಕುಳವೋ ಅಪರಾಧವೋ ಆಗುತ್ತದೆಯೇ? ಹೌದಾದರೆ ಶಾಸಕರು ಸದನ ಸಮಿತಿಗಳ ಅಧ್ಯಕ್ಷತೆ ಬಿಡಬೇಕು, ದೂರುದಾರೆಯನ್ನು ನೇರವಾಗಿಯೋ ಇನ್ನೊಬ್ಬರ ಮೂಲಕವೋ ಸಂಪರ್ಕಿಸಬಾರದು, ಆಕೆಯ ವರ್ಗಾವಣೆಗೆ ಆಕೆಯ ಒಪ್ಪಿಗೆಯಿಲ್ಲದೆ ಯಾವ ಟಿಪ್ಪಣಿಯೂ ಹೋಗಬಾರದು. ಸಚಿವರಾಗಿದ್ದರೆ ಗೃಹ ಖಾತೆಯೂ ದೂರುದಾರೆ ಕೆಲಸ ಮಾಡುವ ಖಾತೆಯೂ ಅವರ ಬಳಿ ಇರಬಾರದೆಂದು ಮುಖ್ಯಮಂತ್ರಿಗಳಿಗೆ ಮಂಡಳಿ ಬರೆಯಬೇಕು. ಇದು ಶಿಕ್ಷೆಯಲ್ಲ. ಸಂಬಳ ನಿಲ್ಲುವುದಿಲ್ಲ, ಸದಸ್ಯತ್ವ ಹೋಗುವುದಿಲ್ಲ, ಪ್ರಶ್ನೆ ಕೇಳುವ ಹಕ್ಕಿಗೂ ಧಕ್ಕೆಯಿಲ್ಲ.

ಎರಡನೆಯ ಗೆರೆಯ ಬಗ್ಗೆ ನಮ್ಮೊಳಗೇ ಬಹಳ ಚರ್ಚೆಯಾಯಿತು. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಈ ಪ್ರಶ್ನೆಯನ್ನು 2024ರ ಮೇ 13ರಂದು ಮತಕ್ಕೆ ಹಾಕಿತ್ತು. ಸದಸ್ಯರನ್ನು ಸಂಸತ್ತಿನ ಆವರಣದಿಂದ ದೂರ ಇಡುವ ಪ್ರಶ್ನೆ ಏಳುವುದು ಬಂಧನವಾದಾಗಲೋ, ದೋಷಾರೋಪ ಹೊರಿಸಿದಾಗಲೋ? 170ಕ್ಕೆ 169, ಒಂದೇ ಮತದಿಂದ ಬಂಧನ ಗೆದ್ದಿತು. ನಮ್ಮಲ್ಲಿ ಬಂಧನವನ್ನು ಗೆರೆ ಮಾಡಿದರೆ ಕೆಡುತ್ತದೆ. ಪೊಲೀಸರು ಸರ್ಕಾರದ ಕೈಯಲ್ಲಿದ್ದಾರೆ: ವಿರೋಧ ಪಕ್ಷದವರ ಬಂಧನ ರಾತ್ರೋರಾತ್ರಿ ಆಗಬಹುದು, ಆಳುವ ಪಕ್ಷದವರಿಗೆ ನಿರೀಕ್ಷಣಾ ಜಾಮೀನು ಸಿಗುವ ತನಕ ಸಮಯ ಸಿಗಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ದೂರುದಾರೆ ಮ್ಯಾಜಿಸ್ಟ್ರೇಟರ ಮುಂದೆ ಕೊಡುವ ಹೇಳಿಕೆ ಇದಕ್ಕಿಂತ ಗಟ್ಟಿ. ಅದು ಪೊಲೀಸರೂ ಆರೋಪಿಯೂ ಇಲ್ಲದ ಕೋಣೆಯಲ್ಲಿ ನ್ಯಾಯಾಂಗದ ಅಧಿಕಾರಿ ಬರೆದುಕೊಂಡದ್ದು. ಲೈಂಗಿಕ ಅಪರಾಧಗಳಲ್ಲಿ ವಿಷಯ ಪೊಲೀಸರ ಗಮನಕ್ಕೆ ಬಂದ ಕೂಡಲೇ ಅದನ್ನು ದಾಖಲಿಸಬೇಕೆಂದು ಅದೇ ಕಲಮು ಹೇಳುತ್ತದೆ. ಆ ಹೇಳಿಕೆಯಲ್ಲಿ ಆಕೆ ಆರೋಪಕ್ಕೆ ಬದ್ಧಳಾಗಿ ನಿಂತ ದಿನದಿಂದ ಶಾಸಕರು ಶಾಸಕರ ಭವನಕ್ಕೂ ಸಚಿವಾಲಯದ ಕಚೇರಿಗಳಿಗೂ ಬರಬಾರದು. ನಮ್ಮಲ್ಲಿ ಸದಸ್ಯರ ಪರವಾಗಿ ಬೇರೊಬ್ಬರು ಹಾಕುವ ಪ್ರಾಕ್ಸಿ ಮತವಿಲ್ಲ. ಆದ್ದರಿಂದ ಮತ ಹಾಕಲು ಸದನದೊಳಗೆ ಬರಲು ಬಿಡಬೇಕು, ಕ್ಷೇತ್ರದ ಜನರ ಮತ ಕಳೆಯಬಾರದು.

ಬಂಧನಕ್ಕಿಂತ ಮೊದಲೇ ಸಾಕ್ಷಿಗೆ ರಕ್ಷಣೆ ಬೇಕು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಧೀಶರ ಸಮಿತಿಗೆ. ಬೆದರಿಕೆಯ ವರದಿಯನ್ನು ಡಿವೈಎಸ್‌ಪಿ ಅಥವಾ ಎಸಿಪಿ 5 ಕೆಲಸದ ದಿನಗಳಲ್ಲಿ ಕೊಡಬೇಕು. ಈ ಅರ್ಜಿ ಹಾಕಬೇಕೆಂದು ದೂರುದಾರೆಗೆ ಹೇಳುವವರೇ ಇರುವುದಿಲ್ಲ. ಮಂಡಳಿಯ ಕಾರ್ಯದರ್ಶಿ ಮೊದಲ ದಿನವೇ ಫಾರಂ ಕೊಟ್ಟು ತುಂಬಿಸಲಿ.

ಸಾಕ್ಷ್ಯ ಕೆಡುವುದು ಸಾಮಾನ್ಯವಾಗಿ ಒಳ್ಳೆಯ ಉದ್ದೇಶದವರ ಕೈಯಲ್ಲೇ. ವಿಡಿಯೊವನ್ನು ಫಾರ್ವರ್ಡ್ ಮಾಡಿದಾಗ ಕಡತದ ಗಾತ್ರವೂ ಒಳಗಿನ ಮಾಹಿತಿಯೂ ಬದಲಾಗುತ್ತವೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ಬರೆಯಬೇಕು, ಎರಡನೆಯ ಭಾಗಕ್ಕೆ ತಜ್ಞರ ಸಹಿ ಬೇಕು. ಮೂಲ ಫೋನ್ ಇದ್ದರೆ ಅದನ್ನೇ ಪಂಚನಾಮೆ ಮಾಡಿ ಮೊಹರು ಹಾಕಿಸಬೇಕು. ಮಂಡಳಿ ತನ್ನ ಬಳಿ ಯಾವ ಪ್ರತಿಯನ್ನೂ ಇಟ್ಟುಕೊಳ್ಳಬಾರದು. ಸಂತ್ರಸ್ತೆಯ ಗುರುತು ಹೊರಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ 2 ವರ್ಷದವರೆಗೆ ಜೈಲು ಇದೆ. ಹಾಸನದ ಪೆನ್‌ಡ್ರೈವ್ ಹಂಚಿದವರು ನ್ಯಾಯಕ್ಕಾಗಿ ಹಂಚಿದರು ಎಂಬ ಸಮರ್ಥನೆಯನ್ನು ನಾವು ಒಪ್ಪುವುದಿಲ್ಲ. ಆ ಮುಖಗಳು ಯಾರದೋ ಚುನಾವಣೆಯ ಸಾಮಗ್ರಿಯಾದವು.

ಮೂರನೆಯ ಗೆರೆ ದೋಷಾರೋಪ ನಿಗದಿ, ಅಂದರೆ ನ್ಯಾಯಾಲಯ ಆರೋಪ ಹೊರಿಸುವ ಹಂತ. ಇದು ಟಿಕೆಟ್‌ಗೆ ಸಂಬಂಧಿಸಿದ್ದು, ನಿಮ್ಮ ಕೈಯಲ್ಲಿಲ್ಲ. ಈ ಹಂತದಲ್ಲಿ ಅನರ್ಹಗೊಳಿಸುವ ಕೆಲಸ ಸಂಸತ್ತಿನದು ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 25ರಂದು ಹೇಳಿತು. ಕಾನೂನು ಆಯೋಗ ತನ್ನ 244ನೇ ವರದಿಯಲ್ಲಿ 5 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಿಗೆ ಅದನ್ನೇ ಶಿಫಾರಸು ಮಾಡಿತ್ತು, ಜೊತೆಗೆ ಒಂದು ರಕ್ಷಣೆಯಿಟ್ಟು: ನಾಮಪತ್ರ ಪರಿಶೀಲನೆಗೆ ಒಂದು ವರ್ಷದೊಳಗೆ ಹೊರಿಸಿದ ಆರೋಪ ಲೆಕ್ಕಕ್ಕಿಲ್ಲ. ಚುನಾವಣೆ ಹತ್ತಿರ ಬಂದಾಗ ಹುಟ್ಟುವ ಕೇಸುಗಳಿಗೆ ಇದು ಒಳ್ಳೆಯ ಉತ್ತರ.

ಶಿಕ್ಷೆಯಾದ ಮೇಲೂ ಒಂದು ಕಿಂಡಿ ಉಳಿದಿದೆ. ಅತ್ಯಾಚಾರಕ್ಕೆ ಶಿಕ್ಷೆಯಾದರೆ ಜನತಾ ಪ್ರಾತಿನಿಧ್ಯ ಕಾಯ್ದೆಯ 8(1)ರಡಿ ಸ್ಥಾನ ಹೋಗುತ್ತದೆ. ಲೈಂಗಿಕ ಕಿರುಕುಳ ಆ ಪಟ್ಟಿಯಲ್ಲಿಲ್ಲ. ಅಲ್ಲಿ 2 ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದರೆ ಶಾಸಕ ಶಾಸಕನಾಗಿಯೇ ಇರುತ್ತಾನೆ. ಇಲ್ಲಿ ಉಚ್ಚಾಟನೆಯ ಅಧಿಕಾರ ಬಳಸಲು ಸದನಕ್ಕೆ ಅವಕಾಶವಿದೆ. ಸಂಸತ್ತಿಗೆ ಆ ಅಧಿಕಾರವಿದೆಯೆಂದು ರಾಜಾರಾಂ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರಲ್ಲೇ ಎತ್ತಿಹಿಡಿದಿದೆ.

ಆರೋಪಿಗೂ ವಾಪಸಾಗುವ ದಾರಿ ಬರೆದೇ ಇರಬೇಕು. 2010ರಲ್ಲಿ ಅತ್ಯಾಚಾರದ ಆರೋಪ ಬಂದು ರಾಜೀನಾಮೆ ಕೊಟ್ಟ ಸಚಿವರೊಬ್ಬರು 2017ರಲ್ಲಿ ಖುಲಾಸೆಯಾದರು, 2018ರಲ್ಲಿ ಮತ್ತೆ ಗೆದ್ದು ಇದೇ ಸದನಕ್ಕೆ ಬಂದರು. ಏಳು ವರ್ಷ ಯಾರಿಗೂ ಸಣ್ಣದಲ್ಲ, ದೂರುದಾರೆಗೂ ಅಲ್ಲ. ಮಂಡಳಿ 90 ದಿನಗಳಲ್ಲಿ ಮುಗಿಸದಿದ್ದರೆ ನಿರ್ಬಂಧಗಳು ಮರುಪರಿಶೀಲನೆಗೆ ಬರಲಿ. ಬಿ ರಿಪೋರ್ಟನ್ನು ನ್ಯಾಯಾಲಯ ಅಂಗೀಕರಿಸಿದರೆ ತೆರವಾಗಲಿ. ಪೊಲೀಸರು ಸಲ್ಲಿಸಿದ ಮಾತ್ರಕ್ಕೆ ಅಲ್ಲ, ದೂರುದಾರೆಗೆ ಅದನ್ನು ಪ್ರತಿಭಟಿಸುವ ಹಕ್ಕಿದೆ. ರುಜುವಾತಾಗದ ದೂರು ಸುಳ್ಳು ದೂರಲ್ಲ ಎಂಬುದನ್ನು 2013ರ ಕಾಯ್ದೆಯ 14ನೇ ಕಲಮು ಸ್ಪಷ್ಟವಾಗಿ ಹೇಳಿದೆ. ದುರುದ್ದೇಶ ಬೇರೆಯಾಗಿಯೇ ಸಾಬೀತಾಗಬೇಕು.

ಸದನದೊಳಗಿನ ಮಾತೂ ಈ ನಿಯಮಕ್ಕೆ ಒಳಪಡಲಿ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಹಿರಿಯ ಶಾಸಕರೊಬ್ಬರು ಅತ್ಯಾಚಾರದ ಮಾತನ್ನು ಹಾಸ್ಯಕ್ಕೆ ಬಳಸಿದರು, ಮರುದಿನ ಕ್ಷಮೆ ಕೇಳಿದರು, ಅಲ್ಲಿಗೆ ಮುಗಿಯಿತು. 2024ರ ಡಿಸೆಂಬರ್‌ನಲ್ಲಿ ಅಲ್ಲಿಯೇ, ಪರಿಷತ್ತಿನಲ್ಲಿ, ಮಹಿಳಾ ಸಚಿವರೊಬ್ಬರ ವಿರುದ್ಧ ಅಶ್ಲೀಲ ಪದ ಬಳಸಿದ ಆರೋಪ ಬಂದಾಗ ಇಡೀ ವಾದ ಸದನದೊಳಗಿನ ಮಾತಿಗೆ ಸದಸ್ಯರಿಗೆ ರಕ್ಷಣೆ ಕೊಡುವ ಸಂವಿಧಾನದ 194ನೇ ವಿಧಿಯ ಸುತ್ತಲೇ ಸುತ್ತಿತು. ಪೊಲೀಸರಿಗೆ ಸದನದೊಳಗೆ ಅಧಿಕಾರವಿಲ್ಲ ಎನ್ನುವುದಾದರೆ ಸದನಕ್ಕೇ ಒಂದು ವ್ಯವಸ್ಥೆ ಇರಲೇಬೇಕು.

ಮುಂದಿನ ಅಧಿವೇಶನಕ್ಕೆ ಮೊದಲು ನಿಯಮಾವಳಿ ಸಮಿತಿಯ ಸಭೆ ಕರೆದು ಇದನ್ನು ವಿಷಯಪಟ್ಟಿಯಲ್ಲಿ ಸೇರಿಸಿ. ಕರಡು ಬರೆದುಕೊಡಲು ನಾವು ಸಿದ್ಧರಿದ್ದೇವೆ. ಅದಕ್ಕೂ ಕಾಯಬೇಕಿಲ್ಲದ ಕೆಲಸ ಒಂದಿದೆ: ಆಂತರಿಕ ಸಮಿತಿಯ ಸದಸ್ಯರ ಹೆಸರು, ಫೋನ್ ಸಂಖ್ಯೆ, ದೂರು ಕೊಡುವ ಕ್ರಮವನ್ನು ಕನ್ನಡದಲ್ಲಿ ಮುದ್ರಿಸಿ ವಿಧಾನಸೌಧ, ಸುವರ್ಣ ವಿಧಾನಸೌಧ ಮತ್ತು ಶಾಸಕರ ಭವನದ ಪ್ರತಿ ಮಹಡಿಯಲ್ಲಿ, ಕಸ ಗುಡಿಸಲು ಬರುವ ಗುತ್ತಿಗೆ ನೌಕರರ ಕಣ್ಣಿಗೂ ಬೀಳುವಂತೆ ಅಂಟಿಸಿ. ಸಮಿತಿ ರಚಿಸಿದ ಆದೇಶವನ್ನೂ ಲೈಂಗಿಕ ಕಿರುಕುಳಕ್ಕಿರುವ ಶಿಕ್ಷೆಯನ್ನೂ ಎದ್ದು ಕಾಣುವಂತೆ ಪ್ರದರ್ಶಿಸುವುದು 2013ರ ಕಾಯ್ದೆಯ 19ನೇ ಕಲಮಿನಡಿ ಈಗಲೇ ಕಡ್ಡಾಯ.

ಇಂತಿ ವಿಶ್ವಾಸಿಗಳು,
ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಕೆಲಸ ಮಾಡುವ ವಕೀಲರು ಮತ್ತು ಆಂತರಿಕ ಸಮಿತಿಗಳ ಹೊರ ಸದಸ್ಯರು
ಬೆಂಗಳೂರು