ನಮ್ಮದೂ ಕೊನೆ ಭಾಗ

ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆ 2023ರ ಡಿಸೆಂಬರ್ ಕೊನೆಗೇ ನಿಮ್ಮ ಕೈ ಸೇರಬೇಕಿತ್ತು, ತಡವಾದದ್ದಕ್ಕೆ ಕ್ಷಮೆಯಿರಲಿ. ಸಂಕ್ರಾಂತಿಯ ಬಗ್ಗೆ ಬರೆಯೋಣವೆಂದು ಕುಳಿತೆನಾದರೂ, ಕಳೆದ ಭಾನುವಾರ ಒಟ್ಟಾವಾದಿಂದ ದಾವಣಗೆರೆಗೆ ವಿಡಿಯೊ ಕರೆ ಮಾಡಿದಾಗ ಕೇಳಿದ ಒಂದು ಮಾತು ತಲೆಯಿಂದ ಇಳಿಯುತ್ತಿಲ್ಲ. ಊರಿನಲ್ಲಿ ಈ ಸಲ ಬರ. ಭದ್ರಾ ನಾಲೆಗೆ ಬೇಸಿಗೆ ಬೆಳೆಯ ನೀರು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯಲ್ಲಿದ್ದ ಅಪ್ಪ, "ಚಾನಲ್‌ಗೆ ಇನ್ನೂ ಏನೂ ಇಲ್ಲಪ್ಪ" ಎಂದರು. ನನ್ನ ಪಕ್ಕದಲ್ಲಿ, ಇಲ್ಲಿನ ಕಾಲುವೆ ಹೆಪ್ಪುಗಟ್ಟಲೆಂದು ಕಾಯುತ್ತ, ಸ್ಕೇಟಿನ ಲೇಸನ್ನು ಬಿಚ್ಚುತ್ತ ಕಟ್ಟುತ್ತ ಕುಳಿತಿದ್ದ ಒಂಬತ್ತು ವರ್ಷದ ಮಗಳು ತಲೆಯೆತ್ತದೆ, "ನಮ್ಮ ಚಾನಲ್ಲೂ ಇನ್ನೂ ಆಗಿಲ್ಲ ಅಜ್ಜ, ಹೋದ ವರ್ಷ ಆಗ್ಲೇ ಇಲ್ಲ" ಎಂದಳು. ಅಪ್ಪ ತುಸು ಹೊತ್ತು ಸುಮ್ಮನಿದ್ದು, "ನಿಮ್ದೂ ಕೊನೆ ಭಾಗನೇನವ್ವಾ?" ಎಂದು ಕೇಳಿದರು.

ಕೊನೆ ಭಾಗವೆಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆ ತುಂಬಿ ನೀರು 186 ಅಡಿ ಮುಟ್ಟಿದ ವರ್ಷವೂ ಮೇಲಿನವರ ಗದ್ದೆಗಳೆಲ್ಲ ಕುಡಿದು ಉಳಿದದ್ದಷ್ಟೇ ನಮ್ಮ ತೂಬಿಗೆ ಬರುತ್ತಿತ್ತು. ನನಗೆ ಹತ್ತು ವರ್ಷವಿದ್ದಾಗ, ನಾಲೆಯ ನೀರು ನೋಡಿಕೊಳ್ಳುವ ಸೌಡಿ ಬಂದು "ಇವತ್ತು ರಾತ್ರಿ ಬರಬಹುದು" ಎಂದು ಹೇಳಿಹೋದದ್ದೇ ಸಾಕಾಗಿ, ಅಪ್ಪ ನಡುರಾತ್ರಿಯಲ್ಲಿ ನನ್ನನ್ನು ಎಬ್ಬಿಸಿ ಕಂಬಳಿ ಹೊದಿಸಿ ನಾಲೆಯ ಏರಿಗೆ ಕರೆದುಕೊಂಡು ಹೋಗಿದ್ದರು. ಜನವರಿಯ ಚಳಿ. ಬ್ಯಾಟರಿ ಬಿಟ್ಟರೆ ಬಿರುಕುಬಿಟ್ಟ ನಾಲೆಯ ತಳ ಮಾತ್ರ ಕಾಣುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಯಾರೋ ಒಣಗಿದ ಜೋಳದ ಸೊಪ್ಪೆಯನ್ನು ದೂರದಲ್ಲಿ ಎಳೆದುಕೊಂಡು ಬರುತ್ತಿರುವಂತಹ ಸದ್ದು ಕೇಳಿಸಿತು. ಆಮೇಲೆ ನೀರು ಬಂತು. ಗೇಣಗಲದ ಕೆಂದು ನಾಲಗೆಯೊಂದು ತರಗೆಲೆ, ನೊರೆ ಮತ್ತು ಒಂಟಿ ಹವಾಯಿ ಚಪ್ಪಲಿಯನ್ನು ಮುಂದೆ ನೂಕಿಕೊಂಡು ಮೆಲ್ಲಗೆ ಬರುತ್ತಿತ್ತು. ಸಿಕ್ಕ ಬಿರುಕಿಗೆಲ್ಲ ಇಳಿದು ಗುಳುಗುಳು ಎನ್ನಿಸುತ್ತಿತ್ತು, ಒಳಗಿದ್ದ ಹುಳುಗಳು ಗಡಿಬಿಡಿಯಿಂದ ಏರಿ ಹತ್ತುತ್ತಿದ್ದವು. ಅಪ್ಪ ಚಪ್ಪಲಿ ಬಿಟ್ಟು ನಾಲೆಗಿಳಿದು, ನೀರು ಹರಡು ಮುಳುಗುವ ತನಕ ಮಾತಾಡದೆ ನಿಂತಿದ್ದರು. ಆಮೇಲೆ, "ಹೋಗಿ ನಿಮ್ಮವ್ವಗೆ ಹೇಳು, ಬೀಜದ ಭತ್ತ ನೆನೆ ಹಾಕ್ಲಿ" ಎಂದರು.

ಒಟ್ಟಾವಾಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಸಲಿಕೆ ಹಿಡಿದು ಹಿಮವನ್ನು ಶಪಿಸಿದವರಲ್ಲಿ ನಾನೂ ಒಬ್ಬ. ಹಿಮವಿಲ್ಲದಿದ್ದರೆ ಕೊರಗುವ ಕಾಲ ಬರುತ್ತದೆಂದು ಆಗ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಮಗಳು ಚಾನಲ್ ಎಂದದ್ದು ಇಲ್ಲಿನ ರಿಡೋ ಕಾಲುವೆಯನ್ನು. ಅದರ 7.8 ಕಿ.ಮೀ. ಸ್ಕೇಟಿಂಗ್ ಹಾದಿ 1970-71ರಿಂದ ಪ್ರತಿ ಚಳಿಗಾಲವೂ ತೆರೆದಿತ್ತು. 2022-23ರಲ್ಲಿ ಮೊದಲ ಬಾರಿಗೆ ತೆರೆಯಲೇ ಇಲ್ಲ. ಜನರನ್ನು ಬಿಡಬೇಕಾದರೆ ಸುಮಾರು 30 ಸೆಂ.ಮೀ. ದಪ್ಪದ ಗಟ್ಟಿ ಮಂಜುಗಡ್ಡೆ ಬೇಕು, ಅದಕ್ಕೆ ದಿನಗಟ್ಟಲೆ ಬಿಡದೆ ಕೊರೆಯುವ ಚಳಿ ಬೇಕು. ನಡುವೆ ಒಂದು ಮಳೆ ಬಿದ್ದರೆ ಗಡ್ಡೆ ಟೊಳ್ಳಾಗುತ್ತದೆ. ಒಳ್ಳೆಯ ವರ್ಷದಲ್ಲಿ ಮಗಳು ಬೋರಲು ಮಲಗಿ, ಗಾಜಿನಂಥ ಕಪ್ಪು ಗಡ್ಡೆಯೊಳಗೆ ಸಬ್ಬಕ್ಕಿಯ ಹಾಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳನ್ನು ಎಣಿಸುತ್ತಿದ್ದಳು. ಈ ಸಲ ಡಿಸೆಂಬರ್ ಕೊನೆಯಲ್ಲಿ ನಮ್ಮ ಹಿತ್ತಿಲಲ್ಲಿ ಹುಲ್ಲು ಹಸಿರಾಗಿತ್ತು. ಹೀಟಿಂಗ್ ಬಿಲ್ ಉಳಿಯಿತಲ್ಲ ಎಂದು ಸಮಾಧಾನ ಹೇಳುವ ಮಿತ್ರರಿದ್ದಾರೆ. ಉಳಿದ ದುಡ್ಡಿನಲ್ಲಿ ಆ ಗುಳ್ಳೆಗಳನ್ನು ಎಲ್ಲಿ ಕೊಳ್ಳಬೇಕೆಂದು ಅವರೇ ಹೇಳಬೇಕು.

ಎಲ್ಲಕ್ಕೂ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ಆಗಾಗ ಬಿಸಿಯೇರುವುದು, ಕಾರಣವೆನ್ನುತ್ತಾರೆ. ಇರಬಹುದು, ಅಲ್ಲಿ ಮುಂಗಾರನ್ನು ಕುಗ್ಗಿಸಿದ್ದೂ, 2023ರ ಆಗಸ್ಟ್ ತಿಂಗಳನ್ನು 1901ರಿಂದೀಚೆಗೆ ಭಾರತ ಕಂಡ ಅತ್ಯಂತ ಒಣ ಆಗಸ್ಟ್ ಮಾಡುವುದರಲ್ಲಿ ಕೈಯಿದ್ದದ್ದೂ, ಇಲ್ಲಿ ಚಳಿಯನ್ನು ಸಡಿಲಿಸುವುದೂ ಅದೇ. ಹಾಗಾಗಿ ಅಜ್ಜನ ಚಾನಲ್ಲೂ ಮೊಮ್ಮಗಳ ಚಾನಲ್ಲೂ ಒಂದೇ ತೂಬಿನವು ಎನ್ನಬಹುದೇನೋ. ಆದರೆ ಹೋದ ಚಳಿಗಾಲದಲ್ಲಿ ಎಲ್ ನಿನೊ ಇರಲಿಲ್ಲ, ಆಗಲೂ ಕಾಲುವೆ ತೆರೆಯಲಿಲ್ಲ. ಭೂಮಿ ಬಿಸಿಯೇರುತ್ತಿರುವುದನ್ನು ಬಿಟ್ಟು ಅದೊಂದರ ಮೇಲೇ ತಪ್ಪು ಹೊರಿಸಲು ನನಗೆ ಮನಸ್ಸು ಬರುವುದಿಲ್ಲ.

ಜಾಗ ಮುಗಿಯುತ್ತ ಬಂತು, ಪ್ರಕಟಣೆಗಳು ಉಳಿದಿವೆ. ಸಂಕ್ರಾಂತಿ ಕೂಟ ಹಬ್ಬದ ನಂತರದ ಶನಿವಾರ, ಎಂದಿನ ಸಭಾಂಗಣದಲ್ಲಿ. ಎಳ್ಳು-ಬೆಲ್ಲಕ್ಕೆ ಕೊಬ್ಬರಿ ಹೆಚ್ಚುವವರು ಹಿಂದಿನ ಸಂಜೆ ನಮ್ಮ ಮನೆಗೆ ಬನ್ನಿ, ಚಾಕು ನಿಮ್ಮದೇ ತನ್ನಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಲು ಒಪ್ಪಿಕೊಂಡ ಹಿರಿಯರಿಗೆ ಇನ್ನಿಬ್ಬರ ಜೊತೆ ಬೇಕು. ಮಕ್ಕಳ ಕನ್ನಡ ತರಗತಿ ಈ ವಾರದಿಂದ ಮತ್ತೆ ಆರಂಭ, ಸದಸ್ಯತ್ವ ಶುಲ್ಕ ಬಾಕಿಯಿರುವವರಿಗೆ ಇದು ಎರಡನೆಯ ನೆನಪೋಲೆ. ಇನ್ನೊಂದು ಮಾತು: ಎರಡೇ ವರ್ಷವೆಂದು ಹೇಳಿ ನನಗೆ ಒಪ್ಪಿಸಿದ್ದ ಈ ಕೆಲಸಕ್ಕೆ ಇದು ಐದನೆಯ ವರ್ಷ. ಕನ್ನಡ ಟೈಪು ಮಾಡಬಲ್ಲ, ಕರಡು ತಿದ್ದಬಲ್ಲ ಒಬ್ಬರಾದರೂ ಮುಂದೆ ಬಂದರೆ ಯುಗಾದಿ ಸಂಚಿಕೆ ಯುಗಾದಿಗೇ ಬಂದೀತು.

ಊಟದ ನಂತರ ಕಾಲುವೆಗೆ ಹೋಗುವ ಕಾರ್ಯಕ್ರಮವನ್ನು ಪಟ್ಟಿಯಿಂದ ತೆಗೆಯಲು ಮಗಳು ಬಿಡುತ್ತಿಲ್ಲ. ಸ್ಕೇಟು ತರಬೇಕೋ ಬೇಡವೋ ಎಂಬುದನ್ನು ಶುಕ್ರವಾರ ರಾತ್ರಿ ಎಲ್ಲರಿಗೂ ತಿಳಿಸುತ್ತೇನೆ.