ಚಾವಿ ಹುಡುಕುತ್ತಿದ್ದ ಅಜ್ಜಿ: ಮಗಳಿಗೊಂದು ಪತ್ರ

ಬ್ಯಾಡಗಿ
ಭಾನುವಾರ ರಾತ್ರಿ

ನನ್ನವ್ವಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಅಪ್ಪಾ, ನಿನಗ ಒಂದು ಪರದೇಶದ ಭಾಷಾ ಕಲಿ ಅಂದ್ರ ಯಾವುದು ಕಲೀತಿ? ಯಾಕ?" ಅಂದಿ. ಅಂಗಡಿಯಲ್ಲಿ ತೂಕ ನಡೆದಿತ್ತು, ಮೆಣಸಿನಕಾಯಿ ಘಾಟಿಗೆ ಸೀನು ತಡೆಯಲಾಗಲಿಲ್ಲ. "ಪತ್ರ ಬರೀತೀನಿ ತಡಿ" ಎಂದು ಫೋನ್ ಇಟ್ಟುಬಿಟ್ಟೆ. ನೀನು ನಕ್ಕಿದ್ದು ಕೇಳಿಸಿತು. ನಗು, ಆದರೆ ಇದು ತೂಕದ ನಡುವೆ ನಿಂತು ಹೇಳಿ ಮುಗಿಸುವ ಮಾತಲ್ಲ. ಎರಡು ದಿನ ತಲೆಯಲ್ಲೇ ತಿರುಗಿತು.

ನನ್ನ ಉತ್ತರ ಪೋರ್ಚುಗೀಸ್.

ನಿನ್ನ ಗೆಳತಿಯರ ಮನೆಗಳಲ್ಲಿ ಜರ್ಮನ್, ಜಪಾನೀಸ್, ಫ್ರೆಂಚ್ ಎಂದಿರುತ್ತಾರೆ. ನರ್ಸಿಂಗ್ ಕಲಿತವರಿಗೆ, ಎಂಜಿನಿಯರಿಂಗ್ ಕಲಿತವರಿಗೆ ಆ ದೇಶಗಳಲ್ಲಿ ಕೆಲಸವಿದೆ. ಭಾಷೆ ಬಂದರೆ ಅರ್ಧ ದಾರಿ ಸಾಗಿದಂತೆ. ಹೊಟ್ಟೆಗಾಗಿ ಭಾಷೆ ಕಲಿಯುವುದನ್ನು ನಾನು ಸಣ್ಣದು ಅನ್ನುವುದಿಲ್ಲ. ನಾನೂ ಈ ಅಡತಿ ಅಂಗಡಿಗೆ ಗುಮಾಸ್ತನಾಗಿ ಸೇರಿದಾಗ ಮರಾಠಿ ಕಲಿತದ್ದು ಹೊಟ್ಟೆಗಾಗಿಯೇ. ಆದರೆ ನೀನು ಕೇಳಿದ್ದು ನನ್ನ ಮನಸ್ಸಿನ ಆಸೆಯನ್ನು. ಅದು ಹುಟ್ಟಿದ್ದು ಮಡಗಾಂವಿನ ಒಂದು ಹಳೆಯ ಮನೆಯಲ್ಲಿ.

ಆಗ ನೀನಿನ್ನೂ ಹುಟ್ಟಿರಲಿಲ್ಲ. ಮಾಲೀಕರು ಲಾರಿಯ ಜೊತೆ ನನ್ನನ್ನು ಗೋವಾಕ್ಕೆ ಕಳಿಸಿದ್ದರು. ಡಬ್ಬಿ ತಳಿಯ ಮೆಣಸಿನಕಾಯಿಯ ಎರಡು ಚೀಲಗಳನ್ನು ಒಂದು ಮನೆಗೆ ಮುಟ್ಟಿಸಬೇಕಿತ್ತು. ಹೆಂಚಿನ ದೊಡ್ಡ ಮನೆ, ಕಿಟಕಿಗಳಿಗೆ ಗಾಜಿನ ಬದಲು ಚಿಪ್ಪಿನ ಬಿಲ್ಲೆ. ಒಳಗೆ ಇಬ್ಬರು ಅಜ್ಜಿಯರು, ಅಕ್ಕ-ತಂಗಿ. ನನ್ನ ಜೊತೆ ಕೊಂಕಣಿಯಲ್ಲಿ ಮಾತಾಡುತ್ತಿದ್ದರು, ತಮ್ಮತಮ್ಮಲ್ಲಿ ಪೋರ್ಚುಗೀಸಿನಲ್ಲಿ. ದುಡ್ಡು ಕೊಡುವ ಹೊತ್ತಿಗೆ ಹಿರಿಯಾಕೆ ಸೊಂಟ ತಡವಿಕೊಳ್ಳುತ್ತಾ ಅತ್ತಿತ್ತ ನೋಡಿ ತಂಗಿಗೆ ಏನೋ ಕೇಳಿದರು. ಆ ಮಾತಿನ ಕೊನೆಯ ಪದ ಮಾತ್ರ ನನ್ನ ಕಿವಿಗೆ ಬಿತ್ತು: "ಶಾವ್". ಚೀಲದ ಮೇಲೆ ಒಂದು ಗೊಂಚಲು ಬಿದ್ದಿತ್ತು. ಎತ್ತಿ ಕೊಟ್ಟೆ.

ಅಜ್ಜಿ ನನ್ನನ್ನೇ ನೋಡಿದರು. "ನಿನಗೆ ನಮ್ಮ ಭಾಷೆ ಬರುತ್ತದೇನು?" ಎಂದು ಕೊಂಕಣಿಯಲ್ಲಿ ಕೇಳಿದರು. ಇಲ್ಲ ಅಜ್ಜಿ, ನಮ್ಮಲ್ಲಿ ಅದಕ್ಕೆ ಚಾವಿ ಅಂತೀವಿ ಎಂದೆ.

ಅಷ್ಟು ಸಾಕಾಯಿತು. ನನ್ನನ್ನು ಕೂಡಿಸಿಕೊಂಡು ಚಹಾ, ಪಾವು ಕೊಟ್ಟರು. ಮನೆಯೊಳಗಿನ ಒಂದೊಂದೇ ಸಾಮಾನು ತೋರಿಸಿ "ಇದಕ್ಕೇನನ್ನುತ್ತೀರಿ?" ಎಂದು ಕೇಳುತ್ತಾ ಹೋದರು. ಅಲಮಾರಿ ಅಂದೆ, ಅವರು ಆರ್ಮಾರಿಯು ಅಂದರು. ಬಾಲ್ದಿ ಅಂದೆ, ಅವರದು ಬಾಲ್ದ್. ಬಟಾಟಿ ಅಂದರೆ ಅವರಿಗೂ ಬಟಾಟವೇ. ಕೈಯಲ್ಲಿ ಹಿಡಿದ ಪಾವು ಅವರ ಬಾಯಲ್ಲಿ ಮೂಗಿನಿಂದ ಬಂದು "ಪಾಂವ್" ಆಯಿತು. ತಿಂಗಳ ಪಗಾರ ಎಷ್ಟು ಎಂದು ಕೇಳಿದರು, ಕೇಳಿ ತಾವೇ ನಿಂತರು, ಏಕೆಂದರೆ ಅವರ ಭಾಷೆಯಲ್ಲಿ ಪಗಾರ್ ಎಂದರೆ ದುಡ್ಡು ಕೊಡುವುದು. ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದಾಗ "ಲಿಲಾವಿನ ಪಟ್ಟಿ ಬರೀತೀನಿ" ಅಂದೆ, ಹರಾಜಿನ ಲೆಕ್ಕ. ಅಜ್ಜಿ ತಂಗಿಯ ಕಡೆ ತಿರುಗಿ "ಲೈಲಾಂವ್!" ಎಂದು ಹೇಳಿದ ರೀತಿ ಇನ್ನೂ ಕಿವಿಯಲ್ಲಿದೆ. ಬಹಳ ವರ್ಷ ಕಾಣದಿದ್ದ ನೆಂಟರೊಬ್ಬರು ಬಾಗಿಲಲ್ಲಿ ನಿಂತರೆ ಹಾಗೆ ಕೂಗುತ್ತಾರೆ.

ಯೋಚನೆ ಮಾಡು. ನನ್ನ ಕೆಲಸದ ಹೆಸರು, ಅದರ ಸಂಬಳದ ಹೆಸರು, ಸಂಬಳ ಇಡುವ ಕಪಾಟಿನ ಹೆಸರು, ಆ ಕಪಾಟು ತೆಗೆಯುವ ಚಾವಿಯ ಹೆಸರು, ಎಲ್ಲವೂ ಒಂದೇ ಭಾಷೆಯಿಂದ ಬಂದವು. ನನಗೆ ಆ ಭಾಷೆಯ ಒಂದು ವಾಕ್ಯವೂ ಬರುತ್ತಿರಲಿಲ್ಲ.

ಹುಬ್ಬಳ್ಳಿಗೆ ವಾಪಸು ಬಂದದ್ದು ರೈಲಿನಲ್ಲಿ. ದೂಧಸಾಗರ ದಾಟಿ ಕ್ಯಾಸಲ್‌ರಾಕ್ ಬಂತು. ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ ಗಡಿ ಅದೇ, ಸುಂಕದ ತಪಾಸಣೆ ಅಲ್ಲೇ. ಮಾತುಗಳಿಗೆ ಮಾತ್ರ ಯಾರೂ ಸುಂಕ ಹಾಕಲಿಲ್ಲ ಎಂದು ಅಂದು ಕಿಟಕಿ ಪಕ್ಕ ಕುಳಿತು ಅಂದುಕೊಂಡದ್ದು ನೆನಪಿದೆ.

ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಒಂದು ಸಂಗತಿ ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಅಜ್ಜಿ "ಶಾವ್" ಎಂದರು, ನಾವು ಚಾವಿ ಅನ್ನುತ್ತೇವೆ. ತಪ್ಪು ನಮ್ಮದು, ನಮ್ಮವರು ಸರಿಯಾಗಿ ಕೇಳಿಸಿಕೊಂಡಿಲ್ಲ ಎಂದು ನಾನು ತಿಳಿದಿದ್ದೆ. ಹಾಗಲ್ಲ. 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಲ್ಬುಕರ್ಕ್ ಗೋವಾ ಹಿಡಿದ ಕಾಲಕ್ಕೆ ಪೋರ್ಚುಗೀಸರೂ ಅದನ್ನು ಚಕಾರದಲ್ಲೇ ಅನ್ನುತ್ತಿದ್ದರು. ಚ ಹೋಗಿ ಶ ಆದದ್ದು ಅವರ ಬಾಯಲ್ಲಿ, ನಂತರ. ಕೊಂಕಣಿ, ಮರಾಠಿಗಳ ಕೈ ದಾಟಿ ನಮಗೆ ಬಂದ ಚಾವಿ ಮಾತ್ರ ಹಳೆಯ ದನಿಯನ್ನು ಹಾಗೇ ಇಟ್ಟುಕೊಂಡಿದೆ. ಲಿಸ್ಬನ್ನಿನವರು ಬಿಟ್ಟ ಧ್ವನಿಯನ್ನು ನಿನ್ನ ಅವ್ವ ದಿನಾ ಬೆಳಿಗ್ಗೆ "ಚಾವಿ ಎಲ್ಲಿ ಇಟ್ರಿ?" ಎಂದು ಕೇಳುವಾಗ ಕಾಪಾಡುತ್ತಿದ್ದಾಳೆ.

ಇನ್ನು ನಮ್ಮ ಮೆಣಸಿನಕಾಯಿ. ಇಷ್ಟು ವರ್ಷ ಇದರ ನಡುವೆಯೇ ಬದುಕಿದವನು ನಾನು, ಇದರ ಕತೆ ಹೇಳದೆ ಹೇಗೆ ಬಿಡಲಿ? ಖಾರ ಕಡಿಮೆ, ಬಣ್ಣ ಹೆಚ್ಚು ಎಂದೇ ಇದಕ್ಕೆ ಹೆಸರು. ಭೌಗೋಳಿಕ ಗುರುತು ಸಿಕ್ಕಿದೆ, ಇದರಿಂದ ತೆಗೆದ ಕೆಂಪು ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಆದರೆ ಈ ಗಿಡದ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗು ತರುವವರೆಗೆ ನಮ್ಮ ಹಿರಿಯರ ಖಾರವೆಂದರೆ ಕರಿಮೆಣಸು, ಹಿಪ್ಪಲಿ, ಶುಂಠಿ. ಬಟಾಟಿ ತನ್ನ ಹೆಸರು ಕಟ್ಟಿಕೊಂಡೇ ಬಂತು, ಅನಾನಸ್ ಕೂಡ. ನೀವು ಧಾರವಾಡದಲ್ಲಿ ಉಪ್ಪು-ಖಾರ ಹಚ್ಚಿ ತಿನ್ನುವ ಪೇರಲ ಸಹ ಅಲ್ಲಿಂದಲೇ ಬಂದ ಹಣ್ಣು. ಅವರ ಪೇರ ಎಂಬ ಮಾತೇ ನಮ್ಮಲ್ಲಿ ಪೇರಲ ಆಯಿತು. ಮೆಣಸಿನಕಾಯಿಗೆ ಮಾತ್ರ ನಾವು ನಮ್ಮ ಹೆಸರನ್ನೇ ಕೊಟ್ಟೆವು: ಮೆಣಸಿನಂತೆ ಖಾರವಿರುವ ಕಾಯಿ. ಪೋರ್ಚುಗೀಸರು ಏನು ಮಾಡಿದರು ಗೊತ್ತೇನು? ಕರಿಮೆಣಸಿಗೆ ಪಿಮೆಂತ ಅನ್ನುತ್ತಿದ್ದವರು ಈ ಹೊಸ ಕಾಯಿಗೂ ಪಿಮೆಂತ ಅಂದರು. ನಾಲಿಗೆ ಉರಿದ ಕೂಡಲೆ ಇಬ್ಬರಿಗೂ ಬಂದ ವಿಚಾರ ಒಂದೇ. ಪೋರ್ಚುಗೀಸ್ ಆಡುವ ಬ್ರೆಜಿಲಿನಲ್ಲಿ ಇದು ತಿರುವುಮುರುವಾಗಿದೆ: ಅಲ್ಲಿ ಬರೀ ಪಿಮೆಂತ ಎಂದರೆ ಮೆಣಸಿನಕಾಯಿ, ಕರಿಮೆಣಸಿಗೇ "ರಾಜ್ಯದ ಪಿಮೆಂತ" ಎಂದು ಬಾಲ ಹಚ್ಚಬೇಕು, ಏಕೆಂದರೆ ಅದು ಪೋರ್ಚುಗಲ್ ಮೂಲಕ ಬಂದದ್ದು. ಅವರಿಗೆ ನಮ್ಮ ಕಾಳು ಪರದೇಶದ್ದು, ನಮಗೆ ಅವರ ಕಾಯಿ.

ಇಷ್ಟೇ ಆಗಿದ್ದರೆ ಪದಗಳ ಹುಚ್ಚು ಎಂದು ನೀನು ಬಿಟ್ಟುಬಿಡಬಹುದಿತ್ತು. ನನಗೆ ನಿಜವಾಗಿ ಬೇಕಾಗಿರುವುದು ಇನ್ನೊಂದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸ್ ಪ್ರವಾಸಿ ವಿಜಯನಗರಕ್ಕೆ ಬಂದು ಪೇಟೆ, ಅರಮನೆ, ಮಹಾನವಮಿಯ ವೈಭವ ಎಲ್ಲವನ್ನೂ ಕಣ್ಣಾರೆ ನೋಡಿ ಬರೆದ. ಪಟ್ಟಣ ರೋಮಿನಷ್ಟು ದೊಡ್ಡದಾಗಿ ಕಂಡಿತು ಅವನಿಗೆ. ಹತ್ತು-ಹದಿನೈದು ವರ್ಷದ ಮೇಲೆ ಕುದುರೆ ವ್ಯಾಪಾರಿ ನೂನಿಜ್ ಬರೆದ. ಆ ಬರಹಗಳು ಪ್ಯಾರಿಸಿನ ಗ್ರಂಥಾಲಯದಲ್ಲಿ ಮಲಗಿದ್ದು, 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು. 1900ರಲ್ಲಿ ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದರು. ನಾವು ಶಾಲೆಯಲ್ಲಿ ಹಂಪಿಯ ಬೀದಿಯಲ್ಲಿ ಮುತ್ತು-ರತ್ನ ಮಾರುತ್ತಿದ್ದರು ಎಂದು ಬಾಯಿಪಾಠ ಮಾಡಿದ್ದು ಇವರಂಥವರು ಬರೆದಿಟ್ಟಿದ್ದರಿಂದ.

ಆ ಕಾಲದ ಪೋರ್ಚುಗೀಸರ ಬರಹಗಳಲ್ಲಿ "ಬೆಂಗಾಪೋರ್" ಎಂಬ ಊರೊಂದು ಬರುತ್ತದೆ. ಅದು ನಮ್ಮ ಬಂಕಾಪುರ! ನೀನು ಐದನೆಯ ಇಯತ್ತೆಯಲ್ಲಿದ್ದಾಗ ಕೋಟೆಯೊಳಗೆ ನವಿಲು ನೋಡಲು ಹೋಗಿದ್ದೆವಲ್ಲ, ನಗರೇಶ್ವರ ಗುಡಿಯ ಕಂಬ ಎಣಿಸುತ್ತಾ ಲೆಕ್ಕ ತಪ್ಪಿ ಅತ್ತಿದ್ದಿ, ಅದೇ ಬಂಕಾಪುರ. ನಮ್ಮ ಮನೆಯಿಂದ ಬೈಕಿನಲ್ಲಿ ಹೋಗಿ ಬರುವ ಊರನ್ನು ಐನೂರು ವರ್ಷದ ಹಿಂದೆ ಯಾರೋ ತಮ್ಮ ನಾಲಿಗೆಗೆ ಬಂದಂತೆ ಬರೆದಿದ್ದಾರೆ. ಅದನ್ನು ಇಂಗ್ಲಿಷಿನ ಕನ್ನಡಕ ಇಲ್ಲದೆ, ಅವರದೇ ಮಾತಿನಲ್ಲಿ ಒಂದು ಪುಟವಾದರೂ ಓದಬೇಕು. ಒಂದೇ ಪುಟ ಸಾಕು.

ಆ ಭಾಷೆಯ ಜೊತೆ ಬಂದ ನೋವನ್ನು ನಾನು ಮರೆತಿದ್ದೇನೆ ಎಂದು ತಿಳಿಯಬೇಡ. ಅದೇ ಆಡಳಿತ 1684ರಲ್ಲಿ ಗೋವಾದ ಜನ ಮೂರು ವರ್ಷದೊಳಗೆ ಕೊಂಕಣಿ ಬಿಟ್ಟು ಪೋರ್ಚುಗೀಸ್ ಆಡಬೇಕು ಎಂದು ಹುಕುಂ ಹೊರಡಿಸಿತ್ತು. ತಾಯಿಯ ಜೊತೆ ಆಡುವ ಮಾತನ್ನು ಬಿಡು ಎನ್ನುವುದಕ್ಕಿಂತ ಕ್ರೂರವಾದ ಆಜ್ಞೆ ಇನ್ನೇನಿದೆ? ಕೊಂಕಣಿ ಉಳಿಯಿತು. 1961ರ ಡಿಸೆಂಬರಿನಲ್ಲಿ ಅವರು ಹೋದರು, ಕೊಂಕಣಿ ಅಲ್ಲೇ ಇತ್ತು. ಆ ಇಬ್ಬರು ಅಜ್ಜಿಯರು ಎರಡನ್ನೂ ಆಡುತ್ತಿದ್ದರು, ನನಗೆ ಪಾವು ಕೊಟ್ಟದ್ದು ಕೊಂಕಣಿಯಲ್ಲಿ ಕರೆದು. ದೊರೆಗಳ ಮೇಲಿನ ಸಿಟ್ಟನ್ನು ನಾನು ಮಾತಿನ ಮೇಲೆ ತೀರಿಸಿಕೊಳ್ಳಲಾರೆ.

ಈಗ ನಿನ್ನ ವಿಷಯ. ನಿನ್ನ ಮನಸ್ಸು ಜರ್ಮನ್ ಕಡೆ ಇದೆ ಎಂದು ಅವ್ವ ಹೇಳಿದಳು. ಕಲಿ. ನೀನಿರುವ ಊರಿನಲ್ಲಿ ಒಂದು ಕಾಲೇಜಿಗೇ ಕಿಟೆಲ್ ಸಾಹೇಬರ ಹೆಸರಿದೆ. ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಈ ಕಡೆ ಬಂದು, 1894ರಲ್ಲಿ ನಮಗೆ ನಿಘಂಟು ಕೊಟ್ಟವರು. ಮಿಷನರಿಯಾಗಿ ಬಂದವರು ನಮ್ಮ ಮಾತು ಕಲಿತು, ಆ ಮಾತಿನವರಿಗೇ ಪದಕೋಶ ಕೊಟ್ಟು ಹೋದರು.

ಜರ್ಮನ್ ಭಾಷೆಯಲ್ಲಿ ಒಂದೊಂದು ವಸ್ತುವಿಗೂ ಲಿಂಗ ಬೇರೆ, ಬಾಯಿಪಾಠ ಮಾಡಿ ಸಾಕಾಗುತ್ತದೆ ಎಂದು ಹೆದರಿದ್ದೀಯಂತೆ. ಮರಾಠಿಯ ತೋ, ತೀ, ತೇ ಕಲಿತವಳಿಗೆ ಅದು ಹೊಸದಲ್ಲ. ಜರ್ಮನ್ನಿನಲ್ಲಿ ಹುಡುಗಿ ಎಂಬ ಪದ ನಪುಂಸಕಲಿಂಗ ಎಂದು ಗೆಳತಿಯರೆಲ್ಲ ಆಶ್ಚರ್ಯಪಟ್ಟರಂತೆ. ನಿಮ್ಮಜ್ಜಿ ಬಾಗಿಲಲ್ಲಿ ಕುಂತು "ನಮ್ಮ ಹುಡುಗಿ ಸಾಲಿಗೆ ಹೋತು, ಇನ್ನೂ ಬರಲಿಲ್ಲ" ಅನ್ನುತ್ತಿದ್ದುದು ನೆನಪಿಲ್ಲವೇ? ಹೋದಳು ಅಲ್ಲ, ಹೋತು. ಪ್ರೀತಿಗೆ ನಾವೂ ಹಾಗೇ ಅನ್ನುತ್ತೇವೆ. "ಏಕೆಂದರೆ" ಎಂದು ಶುರುವಾದ ವಾಕ್ಯದಲ್ಲಿ ಅವರ ಕ್ರಿಯಾಪದ ಕೊನೆಗೆ ಹೋಗಿ ಕೂಡುತ್ತದೆ, ನಮ್ಮ ಕನ್ನಡದಲ್ಲಿ ಕೂತ ಹಾಗೆ. ಇಂಗ್ಲಿಷಿನ ಮೂಲಕ ಹೋದರೆ ಸುತ್ತುಬಳಸು ದಾರಿ. ಕನ್ನಡದ ಬಾಗಿಲಿನಿಂದಲೇ ಒಳಗೆ ಹೋಗು, ಎಷ್ಟೋ ಕಡೆ ಹೊಸ್ತಿಲು ಎಡವುವುದಿಲ್ಲ.

ನಾನು ಶುರು ಮಾಡಿದ್ದೇನೆ. ರಾತ್ರಿ ಖಾತೆ ಪುಸ್ತಕ ಮುಚ್ಚಿದ ಮೇಲೆ ಮೊಬೈಲಿನಲ್ಲಿ ಅರ್ಧ ತಾಸು. ಮೂಗಿನಲ್ಲಿ ಹೊರಡಿಸುವ ಸ್ವರಗಳು ಇನ್ನೂ ಕೂಡುತ್ತಿಲ್ಲ. ಮೊದಲು ಕಲಿತದ್ದು ಒಬ್ರಿಗಾದು. ಧನ್ಯವಾದಕ್ಕೆ ಆಡುವ ಮಾತು, ಒಳಗಿನ ಅರ್ಥ "ಋಣಿ". ಹೆಂಗಸರು ಹೇಳುವಾಗ ಒಬ್ರಿಗಾದ ಅನ್ನಬೇಕು. ಊಟಕ್ಕೆ ಬಡಿಸಿದಾಗ ನಿನ್ನ ಅವ್ವನಿಗೆ ಹೇಳಿದೆ. ಅರ್ಥ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು, ಆಮೇಲೆ ಇನ್ನೊಂದು ರೊಟ್ಟಿ ಹಾಕಿದಳು.

ಯೂನಿವರ್ಸಿಟಿ ಗ್ರಂಥಾಲಯದಲ್ಲಿ ಸಿವೆಲ್ ಪುಸ್ತಕ ಇದೆಯೇನು ನೋಡು. ಬೆಂಗಾಪೋರ್ ಬರುವ ಪುಟಗಳ ಫೋಟೋ ತೆಗೆದು ಕಳಿಸು, ಅವಸರವೇನಿಲ್ಲ. ನಿನ್ನ ರೂಮಿನ ಅಲಮಾರಿ ಚಾವಿ ಇಲ್ಲೇ ಅಡುಗೆಮನೆ ಗೂಟಕ್ಕೆ ಬಿಟ್ಟು ಹೋಗಿದ್ದಿ. ನಾಳೆ ಬೆಳಿಗ್ಗೆ ಧಾರವಾಡಕ್ಕೆ ಹೊರಟಿರುವ ನಿಮ್ಮ ಸೋದರಮಾವನ ಕೈಯಲ್ಲಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ನಿನ್ನ ಅಪ್ಪ